ತೋಳಮನುಷ್ಯನಿಗೆ ಚಂದ್ರನ ಮೇಲೆ ಮನೆ

ನಮ್ಮ ಗುಂಪಿನಲ್ಲಿ ರವಿ ವಿಜ್ಞಾನ ಕಾದಂಬರಿ ಪಕ್ಷ, ಮಾಲಿನಿ ಮಾಯಾಲೋಕದ ಪಕ್ಷ. ಕೊನೆಗೆ ಮಾತಾಡಿದವರ ಪಕ್ಷ ನನ್ನದು.

"ನಿನ್ನ ಕತೆಗಳಲ್ಲಿ ಚಂದ್ರ ಬರೀ ದೀಪ ಕಣೇ," ಎಂದ ರವಿ. "ಪ್ರೇಮಿಗಳು ನೋಡುತ್ತಾರೆ, ತೋಳ ಊಳಿಡುತ್ತದೆ. ಹೋಗುವವರೇ ಇಲ್ಲ."

"ಯಾಕಿಲ್ಲ? ಇಟಲಿಯ ಕವಿ ಅರಿಯೋಸ್ತೊ 16ನೇ ಶತಮಾನದಲ್ಲೇ ತನ್ನ ಕಾವ್ಯದಲ್ಲಿ ಒಬ್ಬನನ್ನು ಕಳಿಸಿದ್ದ. ಭೂಮಿಯಲ್ಲಿ ಕಳೆದದ್ದೆಲ್ಲ ಚಂದ್ರನಲ್ಲಿ ಹೋಗಿ ಸೇರುತ್ತದಂತೆ. ಪ್ರೀತಿಯಲ್ಲಿ ಹುಚ್ಚನಾದ ಒರ್ಲಾಂಡೋನ ಬುದ್ಧಿ ಅಲ್ಲಿ ಬಾಟಲಿಯಲ್ಲಿ ಸಿಕ್ಕಿತು."

"ನನ್ನ ಕೊಡೆಗಳೂ ಅಲ್ಲೇ ಇರಬೇಕು," ಎಂದೆ. ಯಾರೂ ಕಿವಿಗೊಡಲಿಲ್ಲ.

"ನಮ್ಮವರು ಲೆಕ್ಕ ಹಾಕಿ ಹೋಗುತ್ತಾರೆ. ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ 1865ರಲ್ಲೇ ಮೂವರನ್ನು ಫಿರಂಗಿಯಲ್ಲಿ ಕೂರಿಸಿದ."

"ನಿಜವಾಗಿ ಹಾರಿಸಿದ್ದರೆ ಆ ಕ್ಷಣವೇ ಮೂವರೂ ಅಪ್ಪಚ್ಚಿ! ಅಷ್ಟು ವೇಗ ಒಮ್ಮೆಗೇ ಕೊಟ್ಟರೆ ಇನ್ನೇನಾಗುತ್ತದೆ? ಅರಿಯೋಸ್ತೊ ಕಳಿಸಿದ್ದು ರಥದಲ್ಲಿ. ಹೋದವನು ಸುಖವಾಗಿ ವಾಪಸ್ ಬಂದ. ಈಗ ಹೇಳು, ಯಾರದು ವಿಜ್ಞಾನ?"

ರವಿ ಕೆಪ್ಲರ್‌ನನ್ನು ಎಳೆತಂದ. ಗ್ರಹಗಳ ನಿಯಮ ಕಂಡುಹಿಡಿದ ಅದೇ ಕೆಪ್ಲರ್. ಅವನು ಸತ್ತ ಮೇಲೆ, 1634ರಲ್ಲಿ ಅಚ್ಚಾದ ಚಂದ್ರಯಾತ್ರೆಯ ಕತೆಯಲ್ಲಿ ಅಲ್ಲಿನ ಹಗಲು, ರಾತ್ರಿ, ಚಳಿ ಎಲ್ಲವನ್ನೂ ಲೆಕ್ಕ ಹಾಕಿ ಬರೆದಿದ್ದಾನೆ.

"ಸರಿ, ಕರೆದುಕೊಂಡು ಹೋಗುವವರು ಯಾರು?" ಎಂದಳು ಮಾಲಿನಿ.

ರವಿ ಕೆಮ್ಮಿದ. "ದೆವ್ವಗಳು."

ಅವಳು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ನನಗಂತೂ ಕೆಪ್ಲರ್‌ನ ದಾರಿಯೇ ಹಿಡಿಸಿತು. ಹೋಗುವವರೆಗೆ ದೆವ್ವ, ಇಳಿದ ಮೇಲೆ ಲೆಕ್ಕ.

"ಇಳಿದ ಮೇಲೆ ನಿನ್ನವರು ಮಾಡೋದಾದರೂ ಏನು? ಗುಮ್ಮಟ, ಗಣಿ, ಕೈದಿಗಳು. ಉಸಿರಾಡೋಕೂ ಬಿಲ್ಲು! ನನ್ನ ಚಂದ್ರ ಮನುಷ್ಯರನ್ನು ಬದಲಾಯಿಸುತ್ತಾನೆ. ನಿನ್ನ ಮನುಷ್ಯರು ಚಂದ್ರನನ್ನೇ ಕೆಡಿಸುತ್ತಾರೆ."

ರವಿ ಸುಮ್ನಾದ. ಅದು ನಿಜವೇ ಅಲ್ವಾ? ಆಗ ನನಗೊಂದು ಅನುಮಾನ ಬಂತು. "ಹುಣ್ಣಿಮೆಗೆ ತೋಳ ಆಗುವ ತೋಳಮನುಷ್ಯ ಚಂದ್ರನ ಮೇಲೇ ಮನೆ ಮಾಡಿದರೆ? ಅವನಿಗೆ ಹುಣ್ಣಿಮೆ ಯಾವಾಗ?"

ಇಬ್ಬರೂ ಒಟ್ಟಿಗೆ ನೆಟ್ಟಗೆ ಕುಳಿತರು.

"ಅಲ್ಲಿ ಆಕಾಶದಲ್ಲಿ ಕಾಣೋದು ಭೂಮಿ," ಎಂದ ರವಿ. "ನಮಗೆ ಅಮಾವಾಸ್ಯೆ ಆದಾಗ ಅವನಿಗೆ ಭೂಮಿ ಪೂರ್ತಿ ದುಂಡಗೆ ಹೊಳೆಯುತ್ತದೆ."

"ಹಾಗಾದರೆ ತೋಳ ಆಗೋದು ಅಮಾವಾಸ್ಯೆಗೆ," ಎಂದಳು ಮಾಲಿನಿ. "ಪಾಪ, ಆಚೆ ಬದಿಯಲ್ಲಿ ಮನೆ ಕೊಡೋಣ. ಅಲ್ಲಿ ಭೂಮಿ ಕಾಣೋದೇ ಇಲ್ಲವಲ್ಲ."

"ಈಚೆ ಬದಿಯಲ್ಲಿದ್ದರೂ ತೊಂದರೆಯಿಲ್ಲ ಬಿಡು. ಗಾಳಿಯೇ ಇಲ್ಲ. ಎಷ್ಟು ಊಳಿಟ್ಟರೂ ಪಕ್ಕದ ಮನೆಯವರಿಗೆ ಕೇಳಿಸಲ್ಲ."