ಸಮುದ್ರ ಕ್ಲಟರ್ ಮೇಲೆ ಸಿಎ-ಸಿಫಾರ್ ಹಾಕಿದ್ರೆ ಫಾಲ್ಸ್ ಅಲಾರ್ಮ್ ಯಾಕಿಷ್ಟು?

ಗುಬ್ಬಿಗೇಟ್_ಇಸಿ:
ಎಲ್ಲರಿಗೂ ನಮಸ್ಕಾರ. ತುಮಕೂರಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್: ಸಮುದ್ರ ಕ್ಲಟರ್ (ಅಲೆಗಳಿಂದ ಮರಳೋ ಬೇಡದ ರೇಡಾರ್ ಪ್ರತಿಧ್ವನಿ) ನಡುವೆ ಟಾರ್ಗೆಟ್ ಹುಡುಕೋದು. ಬಳಸ್ತಿರೋದು ಸಿಎ-ಸಿಫಾರ್, ಅಂದ್ರೆ ಅಕ್ಕಪಕ್ಕದ ಸೆಲ್‌ಗಳ ಸರಾಸರಿ ಪವರ್ ನೋಡಿ ತ್ರೆಶೋಲ್ಡ್ ಇಡೋ ವಿಧಾನ. ಕೆನಡಾದ ಐಪಿಕ್ಸ್ ರೇಡಾರ್‌ನ 1993ರ ಡಾರ್ಟ್‌ಮತ್ ಡೇಟಾ ತಗೊಂಡಿದೀವಿ: ಎಕ್ಸ್ ಬ್ಯಾಂಡ್, ಪಿಆರ್‌ಎಫ್ (ಸೆಕೆಂಡಿಗೆ ಕಳಿಸೋ ಪಲ್ಸ್) 1000 ಹರ್ಟ್ಜ್, 14 ರೇಂಜ್ ಸೆಲ್ (ದೂರದ ತುಂಡು). ಫಾಲ್ಸ್ ಅಲಾರ್ಮ್ 10⁻⁴ ಅಂತ ಇಟ್ಟಿದ್ರೂ ಅದರ ಎಷ್ಟೋ ಪಟ್ಟು ಬರ್ತಿದೆ. ಎಚ್‌ಎಚ್‌ನಲ್ಲಂತೂ (ಅಡ್ಡ ಧ್ರುವೀಕರಣದಲ್ಲಿ ಕಳಿಸಿ ಸ್ವೀಕರಿಸೋದು) ಇನ್ನೂ ಜಾಸ್ತಿ. ತ್ರೆಶೋಲ್ಡ್ ಏರಿಸಿದ್ರೆ ಟಾರ್ಗೆಟ್ಟೇ ಮಾಯ. ಓಎಸ್-ಸಿಫಾರ್‌ಗೆ (ಸರಾಸರಿ ಬದಲು ಸೆಲ್‌ಗಳನ್ನ ಏರಿಕೆ ಕ್ರಮದಲ್ಲಿಟ್ಟು ಒಂದನ್ನ ಆರಿಸೋದು) ಹೋಗೋದಾ? ಅಮಾನಿಕೆರೆ ದಡದಲ್ಲಿ 24 ಗಿಗಾಹರ್ಟ್ಜ್ ಮಾಡ್ಯೂಲ್ ಇಟ್ಟು ನಮ್ಮದೇ ಡೇಟಾ ತೆಗೆದ್ರೆ ನಡೆಯುತ್ತಾ?

ಕೋಲಾರ_ಡಿಎಸ್‌ಪಿ:
ಮೊದಲು ಫೈಲ್ ಸರಿಯಾಗಿ ಓದ್ತಿದೀರಾ ನೋಡಿ. ಸ್ಯಾಂಪಲ್‌ಗಳು 0ಯಿಂದ 255ರವರೆಗಿನ ಬೈಟ್. ಮೈನಸ್ ಬಂದ್ರೆ 256 ಕೂಡಿಸಿ. ಆಮೇಲೆ ಐ, ಕ್ಯೂ (ಸಿಗ್ನಲ್‌ನ 90 ಡಿಗ್ರಿ ಅಂತರದ ಎರಡು ಭಾಗ) ಎರಡರ ಸರಾಸರಿ ಕಳೆದು, ಸ್ಟ್ಯಾಂಡರ್ಡ್ ಡೀವಿಯೇಷನ್ ಸಮ ಮಾಡಿ, ಫೇಸ್ ತಪ್ಪನ್ನೂ ತಿದ್ದಿ. ಇಲ್ಲದಿದ್ರೆ ಸೊನ್ನೆ ಡಾಪ್ಲರ್‌ನಲ್ಲಿ (ನಿಂತ ವಸ್ತು ಕಾಣೋ ಜಾಗದಲ್ಲಿ) ಸುಳ್ಳು ಗೆರೆ ನಿಲ್ಲುತ್ತೆ.

ಇನ್ನು ಗುಣಕ, ಅಂದ್ರೆ ಸರಾಸರಿಯನ್ನ ಎಷ್ಟರಿಂದ ಗುಣಿಸಿ ತ್ರೆಶೋಲ್ಡ್ ಮಾಡ್ತೀರೋ ಅದು. ನಿಮ್ಮ 10⁻⁴ ಗುರಿಗೆ, 16 ರೆಫರೆನ್ಸ್ ಸೆಲ್ (ಸರಾಸರಿಗೆ ಬಳಸೋವು) ಇದ್ರೆ ಅದು 12.45. ನಿಮ್ಮಲ್ಲಿ ಟಾರ್ಗೆಟ್ ಸೆಲ್, ಅದು ಸೋರುವ ಅಕ್ಕಪಕ್ಕದ ಸೆಲ್, ಗಾರ್ಡ್ (ನಡುವೆ ಬಿಟ್ಟುಬಿಡೋ ಸೆಲ್) ತೆಗೆದ್ರೆ ಉಳಿಯೋದು ಎಂಟು-ಹತ್ತು. ಎಂಟಕ್ಕೆ 17.3 ಬೇಕು. ಅಲ್ಲಿಗೆ 12.45 ಹಾಕಿದ್ರೆ ಶುದ್ಧ ರೇಲೇ (ಸ್ಪೈಕ್ ಇಲ್ಲದ ಸರಳ) ಕ್ಲಟರ್‌ನಲ್ಲೇ ಅಲಾರ್ಮ್ ಐದೂವರೆ ಪಟ್ಟು.

ಕೆರೆ ಬೇಡ. ಸಮುದ್ರದ ಉದ್ದನೆಯ ಅಲೆ (ಸ್ವೆಲ್) ಅಲ್ಲಿ ಹುಟ್ಟಲ್ಲ, ಗಾಳಿಗೆ ಓಡೋ ಜಾಗ ಸಾಲಲ್ಲ. ಬರಿ ಸಣ್ಣ ತೆರೆ ಸಿಗುತ್ತೆ, ನಿಮ್ಮನ್ನ ಕಾಡ್ತಿರೋ ಟೆಕ್ಸ್ಚರ್ (ಅಲೆ ಜೊತೆ ನಿಧಾನ ಏರಿಳಿಯೋ ಕ್ಲಟರ್ ಪವರ್) ಸಿಗಲ್ಲ.

ಚಿಂತಾಮಣಿ_ರೇಡಾರ್:
ಗುಣಕ ಸರಿ ಮಾಡಿದ್ರೂ ಅರ್ಧ ಸಮಸ್ಯೆ ಉಳಿಯುತ್ತೆ ಸರ್. ಆ ಗುಣಕ ಕೊಡೋ ಸೂತ್ರ ಪವರ್ ಎಕ್ಸ್‌ಪೊನೆನ್ಷಿಯಲ್ (ಅಂದ್ರೆ ರೇಲೇ ಕ್ಲಟರ್) ಅಂತ ನಂಬುತ್ತೆ, ಸಮುದ್ರ ಕ್ಲಟರ್ ಕೆ-ಹಂಚಿಕೆಗೆ (ದೊಡ್ಡ ಸ್ಪೈಕ್ ಹೆಚ್ಚಿರೋ ಹಂಚಿಕೆ) ಹತ್ತಿರ. ಟಾರ್ಗೆಟ್ ಇಲ್ಲದ ಸೆಲ್‌ನಲ್ಲಿ ಪವರ್‌ನ ವರ್ಗದ ಸರಾಸರಿಯನ್ನ ಸರಾಸರಿಯ ವರ್ಗದಿಂದ ಭಾಗಿಸಿ. ಅದು 2(1+1/ನ್ಯೂ), ನ್ಯೂ ಅಂದ್ರೆ ಕೆ-ಹಂಚಿಕೆಯ ಆಕಾರ ಹೇಳೋ ಸಂಖ್ಯೆ. 2 ಬಂದ್ರೆ ರೇಲೇ, 4 ಬಂದ್ರೆ ನ್ಯೂ 1, 6 ಬಂದ್ರೆ 0.5. ನ್ಯೂ ಇಳಿದಷ್ಟೂ ತ್ರೆಶೋಲ್ಡ್ ಏರಬೇಕು. ಎಚ್‌ಎಚ್‌ನಲ್ಲಿ ಸರಾಸರಿ ಕ್ಲಟರ್ ವಿವಿಗಿಂತ (ಲಂಬ ಧ್ರುವೀಕರಣ) ಕಮ್ಮಿ, ಆದ್ರೆ ಒಡೆಯೋ ಅಲೆತುದಿಯ ಸ್ಪೈಕ್ ಚೂಪು. ಹಾಗಾಗಿ ಅಲ್ಲಿ ನ್ಯೂ ಚಿಕ್ಕದು.

ಓಎಸ್-ಸಿಫಾರ್ ಪಕ್ಕದ ಸೆಲ್‌ನಲ್ಲಿ ಇನ್ನೊಂದು ಟಾರ್ಗೆಟ್ ಇದ್ದಾಗ ಕಾಪಾಡುತ್ತೆ. ಸ್ಪೈಕ್ ಪರೀಕ್ಷೆಯ ಸೆಲ್‌ನಲ್ಲೇ ಎದ್ದರೆ ಅದೂ ಸೋಲುತ್ತೆ. ಬಿಡಿಸೋದು ಡಾಪ್ಲರ್. 512 ಪಲ್ಸ್‌ಗೆ ಎಫ್‌ಎಫ್‌ಟಿ (ಆವರ್ತನವಾರು ಬಿಡಿಸೋದು) ಮಾಡಿದ್ರೆ ಬಿನ್ (ಒಂದು ಆವರ್ತನದ ತುಂಡು) 1.95 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 3 ಸೆಂಟಿಮೀಟರ್ ವೇಗ. ನಿಮ್ಮ ಡೇಟಾದ ಟಾರ್ಗೆಟ್ ಆಗಿರೋ ತಂತಿ ಬಲೆ ಸುತ್ತಿದ 1 ಮೀಟರ್ ಚೆಂಡು ಸೊನ್ನೆ ಹತ್ತಿರ ಕಿರಿದಾಗಿ ನಿಲ್ಲುತ್ತೆ, ಕ್ಲಟರ್ ಹರಡಿಕೊಳ್ಳುತ್ತೆ. ಪ್ರತಿ ಬಿನ್‌ಗೂ ಬೇರೆ ಸಿಫಾರ್ ಓಡಿಸಿ. 4096ಕ್ಕೆ ಮಾತ್ರ ಹೋಗಬೇಡಿ, ನಾಲ್ಕು ಸೆಕೆಂಡಲ್ಲಿ ಚೆಂಡು ಅಲೆ ಜೊತೆ ತೂಗಿ ಗೆರೆ ಅಗಲ ಆಗುತ್ತೆ.

ಗುಬ್ಬಿಗೇಟ್_ಇಸಿ:
ತುಂಬಾ ಥ್ಯಾಂಕ್ಸ್ ಸರ್. ನ್ಯೂ ಲೆಕ್ಕಕ್ಕೆ ಎಲ್ಲಾ ಸೆಲ್ ಒಟ್ಟಿಗೆ ಸುರೀಬಹುದಾ?

ಚಿಂತಾಮಣಿ_ರೇಡಾರ್:
ಬೇಡ. ಸೆಲ್‌ನಿಂದ ಸೆಲ್‌ಗೆ ಸರಾಸರಿ ಪವರ್ ಬದಲಾಗುತ್ತೆ. ಒಟ್ಟು ಹಾಕಿದ್ರೆ ಆ ವ್ಯತ್ಯಾಸನೂ ಟೆಕ್ಸ್ಚರ್ ಲೆಕ್ಕಕ್ಕೆ ಸೇರಿ ನ್ಯೂ ಸುಳ್ಳೇ ಚಿಕ್ಕದಾಗುತ್ತೆ. ಸೆಲ್‌ವಾರು ತೆಗೀರಿ, ಕ್ಲಟರ್ ಥರ್ಮಲ್ ನಾಯ್ಸ್ ಮಟ್ಟಕ್ಕೆ ಇಳಿದಿರೋ ಸೆಲ್ ಬಿಟ್ಟುಬಿಡಿ, ಅಲ್ಲಿ ಉಲ್ಟಾ ದೊಡ್ಡದು ಬರುತ್ತೆ.