ಬರ್ಲಿನ್‌ನ ಕಾರ್ಲ್ ಮಾರ್ಕ್ಸ್ ಅಲೇ: ಒಂದೇ ಬೀದಿಗೆ ಎರಡು ಮುಖ ಯಾಕೆ? ಟೈಲ್ಸ್ ಉದುರಿದ್ದು ಯಾಕೆ?

ಸಾಲುಮರ (ಪ್ರಶ್ನೆ)

ಫ್ರಾಂಕ್‌ಫುರ್ಟರ್ ಟೋರ್‌ನಿಂದ ಪಶ್ಚಿಮಕ್ಕೆ ಷ್ಟ್ರೌಸ್‌ಬೆರ್ಗರ್ ಪ್ಲಾಟ್ಸ್ ವೃತ್ತದವರೆಗೆ ಕಾರ್ಲ್ ಮಾರ್ಕ್ಸ್ ಅಲೇ ಅರಮನೆಗಳ ಸಾಲಿನಂತಿದೆ. ಕಂಬ, ಕಾರ್ನಿಸ್ (ಗೋಡೆಯ ನೆತ್ತಿಯಲ್ಲಿ ಹೊರಚಾಚಿದ ಅಂಚುಪಟ್ಟಿ), ಉಬ್ಬುಶಿಲ್ಪ, ಮೈತುಂಬ ತಿಳಿಬಣ್ಣದ ಟೈಲ್ಸ್. ವೃತ್ತ ದಾಟಿ ಅಲೆಕ್ಸಾಂಡರ್‌ಪ್ಲಾಟ್ಸ್ ಕಡೆ ತಿರುಗಿದರೆ ಇದ್ದಕ್ಕಿದ್ದಂತೆ ಸಪಾಟಾದ ಕಾಂಕ್ರೀಟ್ ಪೆಟ್ಟಿಗೆಗಳು, ನಡುನಡುವೆ ಹುಲ್ಲುಹಾಸು, ಗಾಜಿನ ತಗ್ಗು ಕಟ್ಟಡಗಳು. ಎರಡೂ ಪೂರ್ವ ಜರ್ಮನಿಯೇ ಕಟ್ಟಿಸಿದ್ದು, ನಡುವಿನ ಅಂತರ ಹತ್ತು ವರ್ಷವೂ ಇಲ್ಲ.

ತಿಳಿಯಬೇಕಾದ್ದು: ಈ ಬದಲಾವಣೆಗೆ ಕಾರಣ ಬರೀ ರುಚಿಯೋ, ದುಡ್ಡೋ? ಇಡೀ ಬೀದಿ ಹೆರ್ಮನ್ ಹೆನ್ಸೆಲ್‌ಮನ್ ಅವರ ವಿನ್ಯಾಸ ಎನ್ನುವುದು ಸರಿಯೇ? ಹಳೆಯ ಭಾಗದ ಟೈಲ್ಸ್ ಉದುರಿದ್ದು ಕಳಪೆ ಮಾಲಿನಿಂದಲೇ? ಅರ್ಧ ದಿನದಲ್ಲಿ ನೋಡುವುದಾದರೆ ಯಾವ ಕ್ರಮದಲ್ಲಿ ನೋಡಬೇಕು?

ನೀಲನಕ್ಷೆ

ಮೊದಲ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಎರಡಲ್ಲ, ಮೂರು ಪದರ ಎಣಿಸಬೇಕು. ಮೊದಲ ಪದರವನ್ನು ಬಹುತೇಕರು ಗಮನಿಸದೆ ದಾಟಿಬಿಡುತ್ತಾರೆ.

ಯುದ್ಧಕ್ಕೆ ಮುಂಚೆ ಇಲ್ಲಿದ್ದದ್ದು ಗ್ರೋಸೆ ಫ್ರಾಂಕ್‌ಫುರ್ಟರ್ ಷ್ಟ್ರಾಸೆ. ಬಾಂಬ್ ದಾಳಿಯಲ್ಲಿ ಹೆಚ್ಚುಕಡಿಮೆ ನೆಲಸಮವಾಯಿತು. 1946ರಲ್ಲಿ ವಾಸ್ತುಶಿಲ್ಪಿ ಹಾನ್ಸ್ ಷರೌನ್ ಮುಂದಾಳುತನದಲ್ಲಿ ಆದ ಯೋಜನೆಗೆ ರಾಜಮಾರ್ಗದ ಹಂಬಲವೇ ಇರಲಿಲ್ಲ. ಹಸಿರಿನ ನಡುವೆ ಬಿಡಿಬಿಡಿಯಾಗಿ ಮನೆಗಳು, ಅಷ್ಟೇ. ಅದರಂತೆ 1949–50ರಲ್ಲಿ ಲುಡ್‌ಮಿಲ್ಲಾ ಹೆರ್ತ್ಸೆನ್‌ಷ್ಟೈನ್ ಅವರ ಎರಡು ಕಟ್ಟಡಗಳು ಎದ್ದವು. ಒಂದೊಂದು ಮಹಡಿಗೂ ಉದ್ದನೆಯ ತೆರೆದ ಮೊಗಸಾಲೆ, ಅದರಿಂದಲೇ ಮನೆಗಳಿಗೆ ಬಾಗಿಲು. ಅಷ್ಟರಲ್ಲಿ 1949ರ ಡಿಸೆಂಬರ್ 21ರಂದು, ಸ್ಟಾಲಿನ್ ಅವರ 70ನೇ ಹುಟ್ಟುಹಬ್ಬಕ್ಕೆ, ಬೀದಿಗೆ ಸ್ಟಾಲಿನ್ ಅಲೇ ಎಂದು ಹೆಸರಿಟ್ಟರು. 1950ರಲ್ಲಿ ಒಂದು ನಿಯೋಗ ಮಾಸ್ಕೋಗೆ ಹೋಗಿ ಬಂತು. ಜುಲೈ 27ರಂದು ನಗರ ರಚನೆಯ 16 ಸೂತ್ರಗಳಿಗೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಕಟ್ಟಡ ರಾಷ್ಟ್ರೀಯ ಪರಂಪರೆಯನ್ನು ತೋರಬೇಕು, ನಗರದ ನಡುವೆ ಮೆರವಣಿಗೆಗೆ ಜಾಗವಿರಬೇಕು ಎಂಬುದು ಅದರ ತಿರುಳು. ಹೆರ್ತ್ಸೆನ್‌ಷ್ಟೈನ್ ಅವರ ಮನೆಗಳು ರಾತ್ರೋರಾತ್ರಿ ಹಳತಾದವು. ಅವನ್ನು ಮರೆಮಾಡಲು ಬೇಗ ಬೆಳೆಯುವ ಪಾಪ್ಲರ್ ಮರಗಳನ್ನು ಮುಂದೆ ನೆಟ್ಟರು.

ಎರಡನೇ ಪದರ ನೀವು ಹೇಳಿದ ಅರಮನೆ ಸಾಲು. 1952ರ ಫೆಬ್ರವರಿ 3ರಂದು ಅಡಿಗಲ್ಲು. ರಸ್ತೆಯ ಅಗಲ ಸುಮಾರು 90 ಮೀಟರ್, ಒಂದೊಂದು ಬ್ಲಾಕ್ 100ರಿಂದ 300 ಮೀಟರ್ ಉದ್ದ. ಯುದ್ಧದ ಅವಶೇಷದಿಂದ ಆಯ್ದು ಸಿಮೆಂಟ್ ಕೆತ್ತಿ ತೆಗೆದ ಇಟ್ಟಿಗೆಯನ್ನೂ ಬಳಸಿದರು. ಒಳಗೆ ಲಿಫ್ಟ್, ಸ್ನಾನದ ಕೋಣೆ, ಬಿಸಿನೀರು, ಕೇಂದ್ರೀಯ ತಾಪನ. 1952ರ ಬರ್ಲಿನ್‌ನಲ್ಲಿ ಕಾರ್ಮಿಕನ ಮನೆಗೆ ಇದು ಸಣ್ಣ ಮಾತಲ್ಲ.

ಆದರೆ ಈ ಬಗೆಯ ಕಟ್ಟಡ ಮಾನವ ದುಡಿಮೆಯನ್ನು ನುಂಗುತ್ತದೆ. ಇಟ್ಟಿಗೆ, ಟೈಲ್ಸ್, ಕೆತ್ತಿದ ಕಲ್ಲು ಎಲ್ಲವೂ ಕೈಕೆಲಸ. 1953ರ ಮೇಯಲ್ಲಿ ಕೂಲಿ ಏರಿಸದೆ ಕೆಲಸದ ಪ್ರಮಾಣವನ್ನು ಕನಿಷ್ಠ ಶೇ 10ರಷ್ಟು ಹೆಚ್ಚಿಸುವ ಆದೇಶ ಬಂತು. ಜೂನ್ 16ರಂದು ಇದೇ ಬೀದಿಯ 40ನೇ ಬ್ಲಾಕಿನ ಕಟ್ಟಡ ಕಾರ್ಮಿಕರು ಕೆಲಸ ಬಿಟ್ಟು ಲೈಪ್‌ತ್ಸಿಗರ್ ಷ್ಟ್ರಾಸೆಯ ಸಚಿವಾಲಯ ಭವನಕ್ಕೆ ನಡೆದರು. ಮರುದಿನ ಅದು ದೇಶವ್ಯಾಪಿ ದಂಗೆಯಾಯಿತು. ಸೋವಿಯತ್ ಟ್ಯಾಂಕುಗಳು ಹತ್ತಿಕ್ಕಿದವು. ಈ ಕಟ್ಟಡಗಳ ಚಂದವನ್ನು ಹೇಳುವಾಗ ಈ ಲೆಕ್ಕವನ್ನು ಬಿಡಬಾರದು ಎಂದೇ ನನ್ನ ಅಭಿಪ್ರಾಯ.

1954ರ ಡಿಸೆಂಬರ್‌ನಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಅನಗತ್ಯ ಅಲಂಕಾರವನ್ನು ಖಂಡಿಸಿ, ಕಾರ್ಖಾನೆಯಲ್ಲಿ ಎರಕ ಹೊಯ್ದ ಭಾಗಗಳಿಂದ ಕಟ್ಟಬೇಕು ಎಂದರು. ಪೂರ್ವ ಜರ್ಮನಿಯೂ ಆ ದಾರಿ ಹಿಡಿಯಿತು. ಇದೇ ಮೂರನೇ ಪದರ: ವೃತ್ತದಿಂದ ಅಲೆಕ್ಸಾಂಡರ್‌ಪ್ಲಾಟ್ಸ್‌ವರೆಗಿನ ಭಾಗ 1959–65ರದು, ಹೀಗೆ ಎರಕ ಹೊಯ್ದ ಗೋಡೆಗಳನ್ನು ಜೋಡಿಸಿದ ಪ್ಯಾನೆಲ್ ಕಟ್ಟಡಗಳದು. ಹಾಗಾಗಿ ರುಚಿಯೋ ದುಡ್ಡೋ ಎಂದರೆ, ಮೊದಲು ಬದಲಾದದ್ದು ಕಟ್ಟುವ ವಿಧಾನ. ಅಂಗಡಿಗಳನ್ನೇ ನೋಡಿ. ಹಳೆಯ ಭಾಗದಲ್ಲಿ ಅವು ಮನೆಗಳ ಕೆಳಗೇ ಇವೆ. ಪ್ಯಾನೆಲ್ ಕಟ್ಟಡದಲ್ಲಿ ಮೇಲಿನ ಭಾರವನ್ನು ಅಡ್ಡಗೋಡೆಗಳೇ ಹೊರುವುದರಿಂದ ನೆಲಮಹಡಿಯಲ್ಲಿ ಗೋಡೆ ತೆಗೆದು ದೊಡ್ಡ ಹಜಾರ ಮಾಡುವುದು ಕಷ್ಟ. ಅಂಗಡಿಗಳು ಹೊರಬಂದು ಪ್ರತ್ಯೇಕ ಪೆವಿಲಿಯನ್‌ಗಳಾದವು.

ಈಗಿನ ಹೆಸರು ಬಂದದ್ದು 1961ರ ನವೆಂಬರ್ 13ರಂದು. ಬೀದಿಬದಿ ಹತ್ತು ವರ್ಷ ನಿಂತಿದ್ದ ಸ್ಟಾಲಿನ್ ಕಂಚಿನ ಪ್ರತಿಮೆಯನ್ನೂ ಅದೇ ರಾತ್ರಿ ತೆಗೆದರು.

ಕಂಬಸಾಲು

ನೀಲನಕ್ಷೆಯವರು ಹೇಳಿದ್ದಕ್ಕೆ ಒಂದು ಸಣ್ಣ ತಿದ್ದುಪಡಿ: ಗಡಿ ಅಷ್ಟು ನೇರವಾಗಿಲ್ಲ. ಹಳೆಯ ಭಾಗದ ನಡುವೆಯೇ, ಫ್ರಾಂಕ್‌ಫುರ್ಟರ್ ಟೋರ್ ಹತ್ತಿರ, 1962ರಲ್ಲಿ ಚಿತ್ರಮಂದಿರವಾಗಿ ಶುರುವಾದ ಕೋಸ್ಮೋಸ್ ಕಟ್ಟಡವಿದೆ. ಅದು ಹೊಸ ಶೈಲಿಯದು, ಯೋಸೆಫ್ ಕೈಸರ್ ಮತ್ತು ಹೈಂತ್ಸ್ ಔಸ್ಟ್ ಅವರದು.

ವಾಸ್ತುಶಿಲ್ಪಿಗಳ ಬಗ್ಗೆ: ಒಬ್ಬರೇ ಎನ್ನುವುದು ತಪ್ಪು. 1951ರ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಎಗೊನ್ ಹಾರ್ಟ್‌ಮನ್ ಅವರಿಗೆ. ರಿಚರ್ಡ್ ಪೌಲಿಕ್, ಹಾನ್ಸ್ ಹೊಪ್, ಕುರ್ಟ್ ಲಾಯ್ಷ್ಟ್, ಕಾರ್ಲ್ ಸೌರಾಡ್ನಿ ಕೂಡ ಬಹುಮಾನಿತರು. ಎಲ್ಲರ ನಕ್ಷೆಗಳನ್ನು ಬೆಸೆದು ಒಂದು ಯೋಜನೆ ಮಾಡಿ, ಬ್ಲಾಕ್‌ಗಳನ್ನು ಹಂಚಿಕೊಟ್ಟರು. ಹೆನ್ಸೆಲ್‌ಮನ್ ಪಾಲಿಗೆ ಬಂದದ್ದು ಎರಡು ತುದಿಗಳು, ಅಂದರೆ ಷ್ಟ್ರೌಸ್‌ಬೆರ್ಗರ್ ಪ್ಲಾಟ್ಸ್ ಮತ್ತು ಫ್ರಾಂಕ್‌ಫುರ್ಟರ್ ಟೋರ್. ಕಣ್ಣಿಗೆ ಮೊದಲು ಬೀಳುವುದೂ ಇವೇ ಆದ್ದರಿಂದ ಹೆಸರೆಲ್ಲ ಅವರಿಗೆ ಹೋಯಿತು. ಇಡೀ ಬೀದಿಗೆ ಮಾದರಿಯಾದ ವೇಬರ್‌ವೀಸೆ ಗೋಪುರವೂ ಅವರದೇ. 1951ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 1952ರ ಮೇ ಹೊತ್ತಿಗೆ ಮುಗಿಯಿತು, 33 ಮನೆಗಳು.

ಅಲೆಕ್ಸಾಂಡರ್‌ಪ್ಲಾಟ್ಸ್ ಕಡೆಯ ಭಾಗ ಎಡ್ಮಂಡ್ ಕೊಲ್ಲೈನ್, ವೆರ್ನರ್ ಡುಟ್ಷ್‌ಕೆ ಮತ್ತು ಕೈಸರ್ ಅವರದು. 1963ರ ಕಿನೋ ಇಂಟರ್‌ನ್ಯಾಷನಲ್, ಅದರ ಎದುರಿನ ಕಫೆ ಮೋಸ್ಕೌ ಇಲ್ಲಿನ ಮುಕುಟಮಣಿಗಳು. ಚಿತ್ರಮಂದಿರದ ಮೇಲಂತಸ್ತು ಕಂಬವಿಲ್ಲದೆ ರಸ್ತೆಯ ಕಡೆ ಚಾಚಿಕೊಂಡಿದೆ. ಅದರ ಕೆಳಗೆ ನಿಂತು ತಲೆಯೆತ್ತಿ ನೋಡಿ. ಪಕ್ಕದ ಗೋಡೆಗಳ ಉಬ್ಬುಶಿಲ್ಪವನ್ನೂ ಬಿಡಬೇಡಿ.

ಹಳೆಯ ಭಾಗವನ್ನು ‘ಮಿಠಾಯಿಗಾರರ ಶೈಲಿ’ (ಕೇಕಿನಂತೆ ಅಲಂಕಾರ ಮೆತ್ತಿದ ಸೋವಿಯತ್ ಶೈಲಿ) ಎಂದು ಹಗುರವಾಗಿ ಕರೆಯುವ ರೂಢಿ ಇದೆ. ಅದು ಅರ್ಧಸತ್ಯ. ಅಳತೆ ಮಾಸ್ಕೋದ್ದು ನಿಜ, ನುಡಿಗಟ್ಟು ಮಾತ್ರ ಬರ್ಲಿನ್ನಿನದೇ. ಫ್ರಾಂಕ್‌ಫುರ್ಟರ್ ಟೋರ್‌ನ ಅವಳಿ ಗುಮ್ಮಟಗಳಿಗೆ ಮಾದರಿ ಬರ್ಲಿನ್ನಿನದೇ ಹಳೆಯ ಚೌಕ ಜೆಂಡಾರ್ಮೆನ್‌ಮಾರ್ಕ್ಟ್‌ನಲ್ಲಿ ಕಾರ್ಲ್ ಫೊನ್ ಗೊಂಟಾರ್ಡ್ 1780ರ ದಶಕದಲ್ಲಿ ಕಟ್ಟಿದ ಗುಮ್ಮಟಗಳು. ಕಂಬಗಳು, ಕಿಟಕಿಯ ಚೌಕಟ್ಟುಗಳು 19ನೇ ಶತಮಾನದ ಬರ್ಲಿನ್ ವಾಸ್ತುಶಿಲ್ಪಿ ಶಿಂಕೆಲ್ ಅವರ ಪರಂಪರೆಯವು. ಮುಂಭಾಗ ನೋಡುವಾಗ ಕೆಳಗಿನಿಂದ ಮೂರು ಪಟ್ಟಿಗಳಾಗಿ ಓದಿ: ಅಂಗಡಿ ಇರುವ ಕಲ್ಲಿನ ಬುಡ, ಟೈಲ್ಸ್ ಹೊದ್ದ ನಡುಭಾಗ, ಕಾರ್ನಿಸ್ ಮತ್ತು ಕೈಪಿಡಿಗೋಡೆಯ ನೆತ್ತಿ. ಪ್ರತಿ ವಾಸ್ತುಶಿಲ್ಪಿಯೂ ಈ ಮೂರರ ಪ್ರಮಾಣವನ್ನು ಬೇರೆ ಥರ ಹೊಂದಿಸಿದ್ದಾರೆ.

ಗಾರೆಕೆಲಸ

ಟೈಲ್ಸ್ ಬಗ್ಗೆ. ಮಾಲು ಕಳಪೆ ಎನ್ನುವುದು ಸುಲಭದ ಉತ್ತರ. ಮಣ್ಣು ಚೆನ್ನಾಗಿಯೇ ಬೆಂದಿದ್ದರೂ ಹಿಂದಿನ ಬಂಧ ಸೋತರೆ ಟೈಲು ಬೀಳುತ್ತದೆ. ಇಲ್ಲಿ ತೊಂದರೆ ಇದ್ದದ್ದು ಹೊದಿಸಿದ ರೀತಿಯಲ್ಲಿ.

ಲೆಕ್ಕ ಹಾಕಿ ನೋಡಿ. ಸಿಮೆಂಟ್ ಗಾರೆ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ, ಸುಟ್ಟ ಟೈಲು ಸುಮಾರು 0.006 ಮಿ.ಮೀ. ಚಳಿಗಾಲಕ್ಕೂ ಬೇಸಿಗೆಗೂ 40 ಡಿಗ್ರಿ ವ್ಯತ್ಯಾಸ ಎಂದುಕೊಂಡರೆ 10 ಮೀಟರ್ ಉದ್ದಕ್ಕೆ ಗಾರೆ 4 ಮಿ.ಮೀ., ಟೈಲು 2.4 ಮಿ.ಮೀ. ಉಳಿದ 1.6 ಮಿ.ಮೀ. ಎಲ್ಲಿ ಹೋಗಬೇಕು? ಹಿಗ್ಗಲು ಮೆತ್ತನೆಯ ಸಂದು ಬಿಟ್ಟಿದ್ದರೆ ಅಲ್ಲಿ ಕರಗುತ್ತದೆ. ಬಿಡದೆ ಬಿಗಿಯಾಗಿ ಹೊದಿಸಿದ್ದರೆ ಟೈಲಿನ ಬೆನ್ನಿನ ಬಂಧವನ್ನೇ ಕತ್ತರಿಸುತ್ತದೆ. ಇನ್ನೊಂದು, ಅವಸರದಲ್ಲಿ ಎದ್ದ ಎತ್ತರದ ಗೋಡೆ ಒಣಗುತ್ತ, ಭಾರಕ್ಕೆ ಕುಗ್ಗುತ್ತ ಹೋಗುತ್ತದೆ. ಟೈಲು ಕುಗ್ಗದು. ಹೊದಿಕೆ ಹೊಟ್ಟೆ ಉಬ್ಬಿ ಎದ್ದು ಬರುತ್ತದೆ. ಕೊನೆಯ ಪೆಟ್ಟು ನೀರಿನದು. ಕಾರ್ನಿಸ್ ಕೂಡುವಲ್ಲಿ, ಕಿಟಕಿಯ ಕೆಳಗೆ ಬಿರುಕಿನಿಂದ ಇಳಿದ ನೀರು ಹಿಂದೆ ಹೆಪ್ಪುಗಟ್ಟಿ ಶೇ 9ರಷ್ಟು ಹಿಗ್ಗಿ ಟೈಲನ್ನು ತಳ್ಳುತ್ತದೆ.

ದುರಸ್ತಿ ಕ್ರಮ ಹೀಗೆ: ಮೊದಲು ಮೇಲಿನ ನೀರಿನ ದಾರಿ ಮುಚ್ಚಬೇಕು. ತಗಡಿನ ಹೊದಿಕೆ, ಮಳೆನೀರಿನ ಕೊಳವೆ ಸರಿಯಾಗದೆ ಟೈಲು ಮುಟ್ಟಬಾರದು. ಆಮೇಲೆ ಅಟ್ಟಣಿಗೆ ಹತ್ತಿ ಒಂದೊಂದು ಟೈಲನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದದ್ದಕ್ಕೆ ಗುರುತು ಹಾಕಿ, ನಕ್ಷೆಯಲ್ಲಿ ತುಂಬಬೇಕು. ಟೊಳ್ಳಾದದ್ದನ್ನು ಮಾತ್ರ ಬಿಡಿಸಿ, ಹಳೆ ಗಾರೆಯನ್ನು ಗೋಡೆಯವರೆಗೆ ಕೆರೆದು, ಹೊಸದನ್ನು ಗಾಳಿ ಉಳಿಯದಂತೆ ಪೂರ್ತಿ ಗಾರೆಯಲ್ಲಿ ಕೂರಿಸಬೇಕು. 3ರಿಂದ 6 ಮೀಟರಿಗೊಂದು ಹಿಗ್ಗುವ ಸಂದು ಬಿಡಬೇಕು. ಎಲ್ಲವನ್ನೂ ಕಿತ್ತು ಹೊಸದು ಹಾಕಿದರೆ ಕೆಲಸ ಸುಲಭ, ಆದರೆ ಸ್ಮಾರಕವಾಗಿ ರಕ್ಷಿತವಾದ ಕಟ್ಟಡದಲ್ಲಿ ಅದು ಸ್ಮಾರಕವನ್ನೇ ಕಿತ್ತಂತೆ.

ಸಾಲುಮರ

ತುಂಬಾ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. 1990ರ ನಂತರ ದುರಸ್ತಿಯಾದ ಟೈಲು ಯಾವುದು, 1950ರ ದಶಕದ್ದು ಯಾವುದು ಎಂದು ಕೆಳಗೆ ನಿಂತೇ ಗುರುತಿಸಬಹುದೇ?

ಗಾರೆಕೆಲಸ

ಬೈನಾಕ್ಯುಲರ್ ಇದ್ದರೆ ಒಂದು ಮಟ್ಟಿಗೆ ಆಗುತ್ತದೆ. ಹಳೆಯದರಲ್ಲಿ ಟೈಲಿನಿಂದ ಟೈಲಿಗೆ ಬಣ್ಣ ಸ್ವಲ್ಪ ಆಡುತ್ತದೆ, ಮೇಲ್ಮೈಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಇರಬಹುದು. ಹೊಸದು ಒಂದೇ ಸಮ. ಗೋಡೆಯ ಉದ್ದಕ್ಕೆ ನೇರವಾಗಿ ಇಳಿದ ರಬ್ಬರಿನಂಥ ಸಂದು ಕಂಡರೆ ಅದು ಈಚಿನ ಕೆಲಸ. ಬೆಳಕು ಗೋಡೆಗೆ ಓರೆಯಾಗಿ ಬೀಳುವ ಹೊತ್ತಿನಲ್ಲಿ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ.

ನೀಲನಕ್ಷೆ

ನೋಡುವ ಕ್ರಮ ಉಳಿದಿತ್ತು. ಭೂಗತ ರೈಲಿನ ಯು5 ಮಾರ್ಗ ಬೀದಿಯ ಕೆಳಗೇ ಓಡುತ್ತದೆ. 1930ರಲ್ಲಿ ಶುರುವಾದದ್ದು, ನಿಲ್ದಾಣಗಳ ವಿನ್ಯಾಸ ಆಲ್ಫ್ರೆಡ್ ಗ್ರೆನಾಂಡರ್ ಅವರದು. ವೇಬರ್‌ವೀಸೆಯಲ್ಲಿ ಇಳಿಯಿರಿ. ಮೊದಲು ಮೊಗಸಾಲೆ ಮನೆಗಳು, ಆಮೇಲೆ ಬೀದಿಯಿಂದ ಸ್ವಲ್ಪ ಒಳಗಿರುವ ಹೆನ್ಸೆಲ್‌ಮನ್ ಗೋಪುರ. ಅಲ್ಲಿಂದ ಪೂರ್ವಕ್ಕೆ ಫ್ರಾಂಕ್‌ಫುರ್ಟರ್ ಟೋರ್. ಟೋರ್ ಎಂದರೆ ದ್ವಾರ, ಆದರೆ ಅಲ್ಲಿ ಹಳೆಯ ದ್ವಾರ ಹುಡುಕಬೇಡಿ. ಹಿಂದೆ ಸುಂಕ ವಸೂಲಿಗೆಂದು ನಗರದ ಸುತ್ತ ಇದ್ದ ಗೋಡೆಯ ಆ ದ್ವಾರ ಇದ್ದದ್ದು ಇನ್ನೂ ಪಶ್ಚಿಮಕ್ಕೆ, ಹೆಸರು ಮಾತ್ರ ಇಲ್ಲಿಗೆ ಬಂದಿದೆ. ತಿರುಗಿ ಪಶ್ಚಿಮಕ್ಕೆ ಬರುವಾಗ ದಕ್ಷಿಣದ ಕಾಲುದಾರಿಯಲ್ಲಿ ನಡೆಯಿರಿ, ಎದುರಿನ ಉತ್ತರ ಬದಿಯ ಕಟ್ಟಡಗಳ ಮೇಲೆ ಬಿಸಿಲಿರುತ್ತದೆ. ಷ್ಟ್ರೌಸ್‌ಬೆರ್ಗರ್ ಪ್ಲಾಟ್ಸ್‌ನಲ್ಲಿ ಫ್ರಿಟ್ಸ್ ಕ್ಯೂನ್ ಅವರ 1967ರ ತಾಮ್ರದ ಕಾರಂಜಿಯ ಪಕ್ಕ ನಿಂತು ಎರಡೂ ದಿಕ್ಕು ನೋಡಿ, ಆಮೇಲೆ ಕಿನೋ ಇಂಟರ್‌ನ್ಯಾಷನಲ್. ಕೊನೆಗೆ ಅಲೆಕ್ಸಾಂಡರ್‌ಪ್ಲಾಟ್ಸ್ ಬಳಿಯ ಶಿಕ್ಷಕರ ಭವನ: ವಾಲ್ಟರ್ ವೊಮಾಕಾ ಅವರ ಮೊಸಾಯಿಕ್ ಪಟ್ಟಿ 7 ಮೀಟರ್ ಎತ್ತರ, 125 ಮೀಟರ್ ಉದ್ದ, ಕಟ್ಟಡದ ನಾಲ್ಕೂ ಬದಿ ಸುತ್ತಿದೆ. ಪೂರ್ತಿ ಸುತ್ತು ಹಾಕಿ ನೋಡಬೇಕು.