ಸಹಾಯ ಬೇಕು: ಗುಂಡಿನ ಗಾತ್ರ 6.80 ಬರೀಬೇಕಾ, 6.88 ಬರೀಬೇಕಾ?

ಎಲ್ಲರಿಗೂ ನಮಸ್ಕಾರ. ನಾವಿರೋದು ಪುಣೆಯ ಚಿಂಚವಾಡದಲ್ಲಿ, ಮಗಳು ಹನ್ನೊಂದನೇ ಕ್ಲಾಸ್ ಸೈನ್ಸ್. ನಾಳಿದ್ದು ಫಿಸಿಕ್ಸ್ ಜರ್ನಲ್ (ಪ್ರಯೋಗ ಬರೆಯೋ ಪುಸ್ತಕ) ಕೊಡಬೇಕು, ಒಂದೇ ಒಂದು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೀವಿ.

ವರ್ನಿಯರ್ ಕ್ಯಾಲಿಪರ್‌ನಿಂದ ಉಕ್ಕಿನ ಗುಂಡಿನ ವ್ಯಾಸ ಅಳೆದಿದ್ದಾಳೆ, ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ) 0.01 ಸೆಂ.ಮೀ. ಗುಂಡನ್ನ ಹೇಗೆ ತಿರುಗಿಸಿ ಹಿಡಿದರೂ 2.37 ಬಂತು. ಆದರೆ ದವಡೆ ಪೂರ್ತಿ ಮುಚ್ಚಿದಾಗ ವರ್ನಿಯರ್‌ನ ಸೊನ್ನೆ ಮೇನ್ ಸ್ಕೇಲಿನ ಸೊನ್ನೆಗಿಂತ ಸ್ವಲ್ಪ ಬಲಕ್ಕೆ ನಿಲ್ಲುತ್ತೆ. ಅಂದರೆ ರೀಡಿಂಗ್ ಒಂದೇ ಥರ ಬಂದರೂ ನಿಜವಾದ ಅಳತೆ ಅದಲ್ಲ. ಝೀರೋ ಎರರ್ +0.02 ಕಳೆದು 2.35 ಇಟ್ಟುಕೊಂಡಿದ್ದೀವಿ. ಇಲ್ಲಿವರೆಗೂ ತಕರಾರಿಲ್ಲ.

ತ್ರಿಜ್ಯ 1.175 ಆಗುತ್ತೆ. ವ್ಯಾಸದಲ್ಲಿ ಮೂರೇ ಸಾರ್ಥಕ ಅಂಕಿ (ಸಿಗ್ನಿಫಿಕಂಟ್ ಫಿಗರ್, ಅಂದರೆ ಅಳತೆಯಲ್ಲಿ ಅರ್ಥವಿರೋ ಅಂಕಿ) ಇರೋದರಿಂದ ಮೊದಲು 1.18 ಮಾಡ್ಕೊಳ್ಳಿ ಅಂತಾರೆ ಟ್ಯೂಷನ್‌ನಲ್ಲಿ. ಆಗ ಗಾತ್ರ 6.88 ಘನ ಸೆಂ.ಮೀ. 1.175 ಹಾಗೇ ಇಟ್ಟು ಕೊನೆಗೆ ರೌಂಡ್ ಮಾಡಿದರೆ 6.80. ನಡುವಿನ ಹಂತದಲ್ಲಿ ಒಂದು ಅಂಕಿ ಹೆಚ್ಚು ಇಟ್ಕೊಳ್ಳಿ ಅಂತ ಎನ್‌ಸಿಇಆರ್‌ಟಿ ಪುಸ್ತಕದಲ್ಲಿದೆ, ನನಗೂ ಅದೇ ಸರಿ ಅನ್ಸುತ್ತೆ. ಆದರೆ ವ್ಯಾಸದಲ್ಲಿ 0.01 ಹೆಚ್ಚುಕಮ್ಮಿ ಆದರೆ ಗಾತ್ರದಲ್ಲಿ ಸುಮಾರು ±0.09 ಆಗುತ್ತೆ. ಎರಡೂ ಉತ್ತರ ಆ ಮಿತಿಯೊಳಗೇ ಬರೋದರಿಂದ ಅವಳಿಗೆ ಹೇಗೆ ಹೇಳಿಕೊಡಲಿ ಅಂತ ತಿಳೀತಿಲ್ಲ.

ಫಿಸಿಕ್ಸ್ ಪಾಠ ಮಾಡೋರು ಯಾರಾದ್ರೂ ದಯವಿಟ್ಟು ಹೇಳಿ: ಜರ್ನಲ್‌ನಲ್ಲಿ ಯಾವುದನ್ನ ಬರೀಬೇಕು, ಯಾಕೆ? 6.80 ಆದರೆ ಕೊನೆಯ ಸೊನ್ನೆ ಇಡಲೇಬೇಕಾ?